ಓದಲು ಬಾರದ ಭಾಷೆಯಲ್ಲಿ ಬಂಧನ: ಕಾಸರಗೋಡಿನ ಕನ್ನಡ ಮನೆಗಳಿಗೊಂದು ಕೈಪಿಡಿ

ಬದಿಯಡ್ಕದ ಕಡೆ ಅಡಿಕೆ ಕೊಯ್ಯುವ ಪರಿಚಯದವರೊಬ್ಬರನ್ನು ಕೆಲವು ವರ್ಷಗಳ ಹಿಂದೆ ವಾರಂಟಿನ ಮೇಲೆ ಹಿಡಿದುಕೊಂಡು ಹೋದರು. ಮಲಯಾಳದಲ್ಲಿದ್ದ ಆ ವಾರಂಟಿನಲ್ಲಿ ಹೆಸರೇನೋ ಅವರದೇ, ಗ್ರಾಮಕ್ಕೆ ಹತ್ತು ಮಂದಿಗಿರುವ ಹೆಸರು. ತಂದೆಯ ಹೆಸರು ಮಾತ್ರ ಬೇರೆ. ಮನೆಯಲ್ಲಿ ಮಲಯಾಳ ಓದಬಲ್ಲವರಿಲ್ಲದ ಕಾರಣ ಅದು ಗೊತ್ತಾಗುವಷ್ಟರಲ್ಲಿ ಎರಡು ರಾತ್ರಿ ಕಳೆದಿತ್ತು.

ಆದ್ದರಿಂದ ಪೊಲೀಸರು ಬಾಗಿಲಿಗೆ ಬಂದಾಗ ವಾದಕ್ಕಿಳಿಯದೆ, ಠಾಣೆ ಯಾವುದು, ಕೇಸಿನ ನಂಬರು ಎಷ್ಟು, ಕಾಗದದಲ್ಲಿರುವ ತಂದೆಯ ಹೆಸರು ಮತ್ತು ಮನೆ ಹೆಸರು ಏನು ಎಂದು ಕೇಳಿ ಬರೆದುಕೊಂಡು, ಆಧಾರ್ ಕಾರ್ಡಿನೊಂದಿಗೆ ತಾಳೆ ನೋಡಬೇಕು.

ಹೆಚ್ಚಿನವರು ಎಡವುವುದು ಸಹಿಯಲ್ಲಿ. ಬಂಧನದ ಮೆಮೊಗೆ ಸಹಿ ಬೇಕು. ತಾರೀಕು, ಸಮಯ ನಮೂದಾಗಿರುವ ಆ ಕಾಗದಕ್ಕೆ ಮನೆಯವರೊಬ್ಬರಾಗಲಿ ಊರಿನ ಗಣ್ಯರೊಬ್ಬರಾಗಲಿ ಸಾಕ್ಷಿ ಹಾಕಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆದರೆ ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಪಡೆಯಬಾರದೆಂದು ಕಾನೂನೇ ಹೇಳುತ್ತದೆ. ಸಹಿ ಹಾಕಲೇಬೇಕಾದಲ್ಲಿ ಹೆಸರನ್ನು ಕನ್ನಡದಲ್ಲೇ ಬರೆದು, ಅದರ ಮೇಲೆ 'ಮಲಯಾಳ ಓದಲು ಬರುವುದಿಲ್ಲ, ಓದಿ ಹೇಳಿಲ್ಲ' ಎಂದು ಸೇರಿಸಿ, ಗಂಟೆ ನಮೂದಿಸಬೇಕು. ಮುಂದೆ ವಕೀಲರಿಗೆ ಈ ಒಂದು ಸಾಲೇ ದೊಡ್ಡ ಆಧಾರವಾಗಬಹುದು.

ಕನ್ನಡದಲ್ಲಿ ಕೇಳುವುದು ಉಪಕಾರ ಬೇಡುವುದಲ್ಲ. ಹಿಂದಿ ಮಾತ್ರ ಬಲ್ಲ ಹರಿಕಿಸನ್ ಎಂಬವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕಾಗಿ ಆ ಮುಂಜಾಗ್ರತಾ ಬಂಧನವನ್ನೇ (ಅಪರಾಧ ನಡೆಯುವ ಮೊದಲೇ ತಡೆಗಾಗಿ ಮಾಡುವ ಬಂಧನ) ಸುಪ್ರೀಂ ಕೋರ್ಟು 1962ರಲ್ಲಿ ರದ್ದು ಮಾಡಿತು. ಯಾವುದೇ ಅಪರಾಧದಲ್ಲಿ ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದು 2025ರ ನವೆಂಬರಿನಲ್ಲಿ ಹೇಳಿತು.

ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಅಲ್ಲಿ ತಲೆ ತಗ್ಗಿಸಿ ನಿಲ್ಲದೆ, ವಾರಂಟಿನಲ್ಲಿರುವ ವ್ಯಕ್ತಿ ತಾನಲ್ಲವೆಂದು ಕನ್ನಡದಲ್ಲೇ ಹೇಳಿ, ದುಭಾಷಿ ಬೇಕೆಂದು ಕೇಳಬೇಕು. ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ ಉಚಿತ ನೆರವು ಸಿಗಲು ಆದಾಯದ ಮಿತಿಯಿಲ್ಲ.

ರಿಮಾಂಡ್ ಆದ, ಎಂದರೆ ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಅಪರಾಧದ ಗಾತ್ರಕ್ಕನುಸಾರ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ, ಆದರೆ ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು.

ಬಿಡುಗಡೆಯಾದ ಮೇಲೂ ಕಷ್ಟ ಮುಗಿಯುವುದಿಲ್ಲ. ಬಾಕಿ ಕೇಸು ಪಾಸ್‌ಪೋರ್ಟಿಗೆ ಅಡ್ಡ ಬರುತ್ತದೆ, ಗಲ್ಫಿನ ಕೆಲಸ ನೆಚ್ಚಿದ ಮನೆಗೆ ಇದೇ ದೊಡ್ಡ ಹೊಡೆತ. ಪರಿಹಾರವೂ ತಡ: ಕೇರಳದಲ್ಲಿ 1994ರಲ್ಲಿ ಸುಳ್ಳು ಬೇಹುಗಾರಿಕೆ ಕೇಸಿನಲ್ಲಿ ಬಂಧಿತರಾದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ ಕೊಡಿಸಿದ್ದು 2018ರಲ್ಲಿ. ಆದುದರಿಂದ ಖುಲಾಸೆ ತೀರ್ಪಿನ ದೃಢೀಕೃತ ಪ್ರತಿಗಳನ್ನು ಮೂರು ನಾಲ್ಕಾದರೂ ತೆಗೆದಿಟ್ಟುಕೊಂಡು, ರಿಮಾಂಡ್ ಆದೇಶ ಮತ್ತು ತಪ್ಪಿದ ಕೂಲಿಯ ಲೆಕ್ಕದೊಂದಿಗೆ ಒಂದೇ ಫೈಲಿನಲ್ಲಿಡಬೇಕು.