ಕನ್ನಡಕ ಕೊಟ್ಟ ಮೇಲಿನ ಕೆಲಸ

ಕಾಸರಗೋಡಿನ ಕುಂಬಳೆ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ನಾನು ನಿವೃತ್ತಿಗೆ ಕೆಲವು ವರ್ಷಗಳ ಮೊದಲು ನಮ್ಮ ಪೇಟೆಯ ಲಯನ್ಸ್ ಕ್ಲಬ್ಬಿಗೆ ಸೇರಿದೆ. ಸುತ್ತಲಿನ ಶಾಲೆಗಳ ಪರಿಚಯವಿದ್ದುದರಿಂದ ಮಕ್ಕಳ ಕಣ್ಣು ತಪಾಸಣೆಯ ಹೊಣೆ ಆ ವರ್ಷವೇ ನನ್ನ ಪಾಲಿಗೆ ಬಂತು.

ಹೊಣೆ ಹೊತ್ತ ಮೇಲೆ, ಈ ಸಂಸ್ಥೆ ಕಣ್ಣಿನ ಕೆಲಸಕ್ಕೆ ಇಷ್ಟೊಂದು ಮಹತ್ವ ಕೊಟ್ಟದ್ದು ಏಕೆಂದು ಓದಿ ತಿಳಿದುಕೊಂಡೆ. ಶಿಕಾಗೊದಲ್ಲಿ ವಿಮಾ ವ್ಯವಹಾರ ನಡೆಸುತ್ತಿದ್ದ ಮೆಲ್ವಿನ್ ಜೋನ್ಸ್ ಎಂಬವರಿಗೆ, ವ್ಯಾಪಾರಿಗಳು ತಮ್ಮ ಲಾಭಕ್ಕಾಗಿ ಸೇರುವ ಕೂಟಗಳು ಊರಿನ ಹಿತಕ್ಕೂ ದುಡಿಯಬೇಕು ಎಂಬ ಹಂಬಲವಿತ್ತು. 1917ರ ಜೂನ್ 7ರಂದು ಅವರು ಅಂಥ ಹಲವು ಕೂಟಗಳ ಪ್ರತಿನಿಧಿಗಳನ್ನು ಸೇರಿಸಿದರು. ಲಯನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಅದೇ ಅಕ್ಟೋಬರಿನಲ್ಲಿ ಡಲ್ಲಾಸಿನಲ್ಲಿ ಮೊದಲ ಸಮ್ಮೇಳನ ನಡೆಯಿತು. 1920ರಲ್ಲಿ ಕೆನಡಾದಲ್ಲೂ ಕ್ಲಬ್ಬು ಆರಂಭವಾಗಿ ಸಂಸ್ಥೆ ಅಂತರರಾಷ್ಟ್ರೀಯವಾಯಿತು. ಆದರೆ ಅದಕ್ಕೆ ಕಣ್ಣಿನ ಕೆಲಸದ ದಾರಿ ತೋರಿದವರು ಹೆಲನ್ ಕೆಲರ್. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದ ಅವರು 1925ರಲ್ಲಿ ಓಹಾಯೊದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಸಮ್ಮೇಳನಕ್ಕೆ ಬಂದು, ತಡೆಯಬಹುದಾದ ಕುರುಡುತನ ಇಲ್ಲವಾಗುವ ದಿನವನ್ನೂ, ಕಣ್ಣು ಕಿವಿ ಇಲ್ಲದ ಒಂದು ಮಗುವೂ ವಿದ್ಯೆಯಿಲ್ಲದೆ ಉಳಿಯದ ದಿನವನ್ನೂ ಬೇಗ ತರಲು ನೆರವಾಗಿರೆಂದು ಕೇಳಿಕೊಂಡರು. ಭಾರತದ ಮೊದಲ ಲಯನ್ಸ್ ಕ್ಲಬ್ಬು ಮುಂಬಯಿಯಲ್ಲಿ ಆರಂಭವಾದದ್ದು 1956ರಲ್ಲಿ, ಅಂದರೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ.

‘ತಡೆಯಬಹುದಾದ’ ಎಂಬ ಆ ಮಾತನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಮೊದಲ ವರ್ಷದ ತಪ್ಪಿನಿಂದ. ದೊಡ್ಡ ಮಕ್ಕಳು ಹೇಳಿದಂತೆ ಕೇಳುತ್ತಾರೆ, ಕೆಲಸ ಬೇಗ ಮುಗಿಯುತ್ತದೆ ಎಂದು ನಾವು ಐದನೆಯ ತರಗತಿಯಿಂದ ಮೇಲಿನವರನ್ನಷ್ಟೇ ನೋಡಿದೆವು. ಆರನೆಯ ತರಗತಿಯ ಒಬ್ಬ ಹುಡುಗನ ಬಲಗಣ್ಣನ್ನು ಮುಚ್ಚಿದಾಗ ಅವನಿಗೆ ಚಾರ್ಟಿನ ಅತಿ ದೊಡ್ಡ ಅಕ್ಷರವೂ ಕಾಣಲಿಲ್ಲ. ಎಡಗಣ್ಣು ಹಾಗಿದೆ ಎಂಬುದು ಆ ಕ್ಷಣದವರೆಗೆ ಅವನಿಗೂ ಗೊತ್ತಿರಲಿಲ್ಲ. ಪರೀಕ್ಷಿಸಿದ ಕಣ್ಣಿನ ವೈದ್ಯರು, ಒಂದು ಕಣ್ಣಿನ ದೋಷವನ್ನು ಎಳವೆಯಲ್ಲೇ ಸರಿಪಡಿಸದಿದ್ದರೆ ಮಿದುಳು ಆ ಕಣ್ಣು ಕಳಿಸುವ ಚಿತ್ರವನ್ನು ಗಣಿಸುವುದನ್ನೇ ಬಿಡುತ್ತದೆ, ಇದಕ್ಕೆ ಅಂಬ್ಲಿಯೋಪಿಯಾ ಎನ್ನುತ್ತಾರೆ, ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಒಳ್ಳೆಯ ಫಲ ಸಿಗುತ್ತದೆ, ಅನಂತರ ಕಷ್ಟ ಎಂದು ವಿವರಿಸಿದರು. ಆ ಹುಡುಗ ಐದು ವರ್ಷ ಮೊದಲು ನನ್ನ ತರಗತಿಯಲ್ಲೇ ಕುಳಿತಿದ್ದವನು. ಮರುವರ್ಷದಿಂದ ನಾವು ಅಂಗನವಾಡಿಯ ದೊಡ್ಡ ಮಕ್ಕಳಿಂದ ಮತ್ತು ಒಂದನೆಯ ತರಗತಿಯಿಂದ ತಪಾಸಣೆ ಆರಂಭಿಸಿದೆವು.

ಚಿಕ್ಕವರ ತಪಾಸಣೆಗೆ ಅಕ್ಷರದ ಚಾರ್ಟು ಒಗ್ಗುವುದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ ಹೀಗೆ ಬೇರೆ ಬೇರೆ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ, ಜೂನಿನಲ್ಲಿ ಹಲವರಿಗೆ ಅಕ್ಷರವೇ ಬಂದಿರುವುದಿಲ್ಲ. ಬಂದವರು ಮುಂದಿನವನು ಹೇಳಿದ್ದನ್ನು ಕೇಳಿ ಬಾಯಿಪಾಠ ಮಾಡಿಬಿಡುತ್ತಾರೆ. ಆದ್ದರಿಂದ ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘ಇ’ ಗುರುತಿನ ಚಾರ್ಟನ್ನು ಬಳಸುತ್ತೇವೆ. ಅದರ ಕಾಲುಗಳು ಯಾವ ಕಡೆಗಿವೆ ಎಂದು ಮಗು ಕೈಬೆರಳಿನಿಂದ ತೋರಿಸಿದರೆ ಸಾಕು. ಆರು ಮೀಟರು ಅಳೆದು ಸುಣ್ಣದ ಗೆರೆ ಹಾಕುತ್ತೇವೆ. ಮಳೆಗಾಲದಲ್ಲಿ ತರಗತಿಯೊಳಗೆ ಬೆಳಕು ಸಾಲದು, ಹಾಗಾಗಿ ಜಗಲಿಯಲ್ಲೇ ತಪಾಸಣೆ. ಕಣ್ಣನ್ನು ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿಯಿಂದ ನೋಡುತ್ತಾರೆ, ಒತ್ತಿ ಹಿಡಿದರೆ ಆಮೇಲೆ ಆ ಕಣ್ಣು ಮಂಜಾಗುತ್ತದೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಮುಚ್ಚಿಸಬೇಕು. ಸರಿಯಾದ ಕಣ್ಣು ಒಂಬತ್ತು ಮೀಟರಿನಿಂದ ಗುರುತಿಸುವುದನ್ನು ಆರು ಮೀಟರಿನಿಂದಲೂ, ಯಾವುದೇ ಒಂದು ಕಣ್ಣಿನಲ್ಲಿ, ಗುರುತಿಸಲಾಗದ ಮಗುವನ್ನು ವೈದ್ಯರ ಬಳಿಗೆ ಕಳಿಸುತ್ತೇವೆ. ಕನ್ನಡಕದ ನಂಬರನ್ನು ನಾವೆಂದೂ ನಿರ್ಧರಿಸುವುದಿಲ್ಲ. ಮಕ್ಕಳ ಕಣ್ಣಿಗೆ ಹನಿ ಮದ್ದು ಹಾಕಿದ ಮೇಲೆಯೇ ನಿಜವಾದ ನಂಬರು ತಿಳಿಯುವುದುಂಟು. ಹನಿ ಹಾಕಿದ ದಿನ ಹತ್ತಿರದ್ದು ಮಂಜಾಗಿ ಕಾಣುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳದಿದ್ದರೆ ಅವರು ಗಾಬರಿಪಡುತ್ತಾರೆ.

ಮನೆಗೆ ಕಳಿಸುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆಯಬೇಕೆಂದು ನಾನು ಹಟ ಹಿಡಿದೆ. ನಮಗೆ ಸಿಕ್ಕಿದ್ದ ಮಾದರಿ ಮಲಯಾಳದಲ್ಲಿತ್ತು. ಕನ್ನಡ ಮಾತ್ರ ಓದಬಲ್ಲ ಅನೇಕ ತಾಯಂದಿರು ಏನೆಂದು ತಿಳಿಯದೆ ಅದನ್ನು ಮಡಚಿ ಇಟ್ಟುಬಿಟ್ಟಿದ್ದರು. ಕನ್ನಡದ ಪತ್ರ ಹೋದ ಮೇಲೆ ಪ್ರಶ್ನೆಗಳು ಬಂದವು, ಪ್ರಶ್ನೆ ಕೇಳಿದವರು ಮಗುವನ್ನೂ ಕರೆತಂದರು.

ಆದರೂ ನಿಜವಾದ ಕೆಲಸ ಕನ್ನಡಕ ಕೊಟ್ಟ ಮೇಲಿನದು. ಮೊದಲ ವರ್ಷ ನಾವು ಸಭೆ ಮಾಡಿ, ಎಲ್ಲರಿಗೂ ಒಂದೇ ಬಗೆಯ ಕನ್ನಡಕವನ್ನು ಹಂಚಿ ಬಂದಿದ್ದೆವು. ಮೂರು ತಿಂಗಳ ಬಳಿಕ ಒಂದು ಶಾಲೆಗೆ ಹೋದಾಗ ಹಾಕಿಕೊಂಡಿದ್ದ ಮಕ್ಕಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಕೆಲವರ ಮೂಗಿನಲ್ಲಿ ಅದು ನಿಲ್ಲುತ್ತಿರಲಿಲ್ಲ, ಕೆಲವರನ್ನು ಗೆಳೆಯರು ಹಾಸ್ಯ ಮಾಡುತ್ತಿದ್ದರು, ಕೆಲವರ ಮನೆಯಲ್ಲಿ ‘ಹಾಳಾದೀತು’ ಎಂದು ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದರು. ಒಬ್ಬ ಅಜ್ಜಿ ನನ್ನಲ್ಲಿ, “ಹೆಣ್ಣು ಮಗು ಮಾಷ್ಟ್ರೇ, ಈಗಲೇ ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹೋಗುವುದಿಲ್ಲವೋ?” ಎಂದು ಕೇಳಿದರು. ಅದು ಅಸಡ್ಡೆಯಲ್ಲ, ಭಯ. ಅವರ ಅಂಗಳದಲ್ಲಿ ಕುಳಿತು, ಮಗುವಿನಿಂದ ದೂರದ ಕಂಗಿನ ಗೊನೆಯನ್ನು ಕನ್ನಡಕವಿಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿಸಿದಾಗ ಆ ಮಗು ಕೂಗಿ ಹೇಳಿದ್ದನ್ನು ಕೇಳಿ ಅಜ್ಜಿಗೆ ನಂಬಿಕೆ ಬಂತು.

ಈಗ ಸಭೆ ಮಾಡುವುದಿಲ್ಲ. ಫ್ರೇಮನ್ನು ಮಗುವೇ ಆರಿಸುತ್ತದೆ. 1987ರಿಂದ ಲಯನ್ಸ್ ಸಂಸ್ಥೆಯಲ್ಲಿ ಮಹಿಳೆಯರಿಗೂ ಸದಸ್ಯತ್ವವಿದೆ. ನಮ್ಮ ಕ್ಲಬ್ಬಿನ ಇಬ್ಬರು ಅಧ್ಯಾಪಿಕೆಯರು ಹೆಣ್ಣುಮಕ್ಕಳ ಮನೆಗಳಿಗೆ ಹೋಗಿ ತಾಯಂದಿರೊಡನೆ ಮಾತಾಡುತ್ತಾರೆ, ಅವರು ಬಂದ ಮೇಲೆ ಮೂಲೆಗೆ ಸೇರಿದ ಕನ್ನಡಕಗಳು ಎಷ್ಟೋ ಹೊರಬಂದಿವೆ. ನನ್ನ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ಮನೆಗಳಿವೆ: ಒಂದು ತಿಂಗಳು, ಮೂರು ತಿಂಗಳು, ಒಂದು ವರ್ಷ. ಮೊದಲೇ ತಿಳಿಸದೆ ಶಾಲೆಗೆ ಹೋಗಿ, ಕನ್ನಡಕ ಮುಖದ ಮೇಲಿದ್ದರೆ ಮಾತ್ರ ಗುರುತು ಹಾಕುತ್ತೇನೆ. ನಂಬರು ಬದಲಾಗುವ ವಯಸ್ಸಾದ್ದರಿಂದ ವರ್ಷದ ಮನೆ ತುಂಬಿದವರನ್ನು ಮತ್ತೆ ಆರು ಮೀಟರಿನ ಗೆರೆಯ ಮೇಲೆ ನಿಲ್ಲಿಸುತ್ತೇವೆ.