ಆನೆಯ ಪದಗಳನ್ನು ನಾನು ಕೂಡಿಸಿದ ಬಗೆ

ಆನೆಗೆ ಸಂಬಂಧಿಸಿದ ಪದಗಳದ್ದೇ ಒಂದು ಸಣ್ಣ ಕೋಶ ಮಾಡಲು ಹೊರಟಾಗ ಅಕಾರಾದಿ ಕ್ರಮವನ್ನು ಮೊದಲೇ ಕೈಬಿಟ್ಟೆ. ಗಜ, ಕರಿ, ದಂತಿ ಎಂದು ಬರೆದು ಎದುರಿಗೆ ‘ಆನೆ’ ಎಂದು ಹಾಕುತ್ತ ಹೋದರೆ ಓದುವವರಿಗೆ ಸಿಗುವುದೇನು? ಅದಕ್ಕೇ ಪ್ರತಿ ಪದ ಯಾವ ಅಂಗದ್ದು, ಯಾವ ಕೆಲಸದ್ದು, ಯಾರ ಬಾಯಲ್ಲಿ ಓಡಾಡುವಂಥದ್ದು ಎಂದು ಗುರುತು ಹಾಕಿಕೊಂಡೆ.

ಶುರುಮಾಡಿದ್ದು ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶದಿಂದ. ಅಲ್ಲಿ ಆನೆಯ ಹೆಸರುಗಳು ಸಾಲಾಗಿ ಬರುತ್ತವೆ. ಕರ, ಹಸ್ತ ಎಂದರೆ ಇಲ್ಲಿ ಸೊಂಡಿಲು. ಅದು ಉಳ್ಳದ್ದು ಕರಿ, ಹಸ್ತಿ. ನನಗೆ ಬಹಳ ಹಿಡಿಸಿದ್ದು ‘ದ್ವಿಪ’, ಅಂದರೆ ಎರಡರಿಂದ ಕುಡಿಯುವುದು. ಹೊಳೆಗಿಳಿದ ಆನೆಯನ್ನು ಗಮನಿಸಿ. ಸೊಂಡಿಲಿನಿಂದ ನೀರು ಸೆಳೆಯುತ್ತದೆ, ಆದರೆ ಆ ನೀರು ನೇರ ಗಂಟಲಿಗೆ ಹೋಗುವುದಿಲ್ಲ. ಸೊಂಡಿಲು ಮಡಚಿ, ತುದಿಯನ್ನು ಬಾಯೊಳಗಿಟ್ಟು ಸುರಿದುಕೊಳ್ಳುತ್ತದೆ. ಮೊದಲು ಸೊಂಡಿಲು, ಆಮೇಲೆ ಬಾಯಿ. ಇಷ್ಟನ್ನೂ ಎರಡೇ ಅಕ್ಷರದಲ್ಲಿ ಹಿಡಿದಿಟ್ಟವರ ಕಣ್ಣಿಗೆ ಕೈಮುಗಿಯಬೇಕು. ಸೊಂಡಿಲಿನಿಂದ ಚಿಮ್ಮುವ ತುಂತುರಿಗೂ ಅಮರಕೋಶದಲ್ಲಿ ‘ವಮಥು’ ಎಂಬ ಹೆಸರಿದೆ.

‘ಮದ’ಕ್ಕೆ ಹೆಚ್ಚು ಜಾಗ ಕೊಟ್ಟೆ. ಸೊಕ್ಕು ಎಂಬ ಅರ್ಥ ಎಲ್ಲರಿಗೂ ಗೊತ್ತು. ಆನೆಯ ಮಟ್ಟಿಗೆ ಅದು ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಕೆನ್ನೆಯ ಮೇಲೆ ಒಸರುವ ಕಡುಬಣ್ಣದ ದ್ರವ. ಆ ದಿನಗಳಲ್ಲಿ ಗಂಡಾನೆಯ ನಡತೆಯೇ ಬದಲಾಗುತ್ತದೆ, ಮಾವುತರೂ ಎಚ್ಚರದಿಂದಿರುತ್ತಾರೆ. ಇದಕ್ಕೆ ‘ದಾನ’ ಎಂಬ ಹೆಸರೂ ಉಂಟು. ಹಳೆಯ ಕಾವ್ಯಗಳಲ್ಲಿ ದಾನಿಯಾದ ರಾಜನಿಗೆ ಮದ್ದಾನೆಯ ಹೋಲಿಕೆ ಬಂದರೆ ಶ್ಲೇಷೆ ಇರುವುದು ಇಲ್ಲೇ.

ಹೆಣ್ಣಾನೆಗೆ ಹಳಗನ್ನಡದಲ್ಲಿ ‘ಪಿಡಿ’ ಎಂಬ ಅಚ್ಚಗನ್ನಡ ಪದವೇ ಇದೆ. ಇದನ್ನು ಮತ್ತೆ ಬಳಕೆಗೆ ತರಬೇಕೆಂಬುದು ನನ್ನ ಆಸೆ. ನಮ್ಮ ಹೆಣ್ಣಾನೆಗಳಿಗೆ ಎದ್ದು ಕಾಣುವ ದಂತ ಇರುವುದಿಲ್ಲವಾದ್ದರಿಂದ ಅವನ್ನು ದಂತಿ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಗಂಡಾನೆಗಳಲ್ಲೂ ದಂತವಿಲ್ಲದವು ಉಂಟು, ಅವು ಮಖನಾ.

ಕಾವ್ಯದ ಪದಗಳು ಆನೆಯ ಮೈಯನ್ನು ಬಣ್ಣಿಸಿದರೆ, ದುಬಾರೆ, ಸಕ್ರೆಬೈಲಿನಂಥ ಆನೆ ಬಿಡಾರಗಳ ಪದಗಳು ಆನೆಯೊಂದಿಗಿನ ಬದುಕನ್ನು ಹೇಳುತ್ತವೆ. ಮಾವುತ, ಅವನ ಜೊತೆಗಾರ ಕಾವಾಡಿ, ಹೊಸದಾಗಿ ಹಿಡಿದ ಆನೆಯನ್ನು ಪಳಗಿಸುವ ಮರದ ದಿಮ್ಮಿಗಳ ಕ್ರಾಲ್. ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಸೇರಿಸಿ ಕಟ್ಟಿ ತಿನ್ನಿಸುವ ಕುಸುರೆ. ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿ ಏರಿಸುವ ಮುನ್ನ ಬೆನ್ನ ಮೇಲೆ ಬಿಗಿಯುವ ನಮ್ದಾ, ಗಾದಿ ಎಂಬ ಮೆತ್ತೆಗಳು. ಅಂಬಾರಿ ಆನೆಯ ಎರಡೂ ಬದಿಗೆ ನಡೆಯುವ ಕುಮ್ಕಿ ಆನೆಗಳು. ಕುಮ್ಕಿಯ ಮೂಲ ಪಾರಸಿಯ ‘ಕುಮಕ್’, ಅಂದರೆ ನೆರವು. ದಕ್ಷಿಣ ಕನ್ನಡದ ಕಂದಾಯ ಕಾಗದಗಳಲ್ಲಿ ಬರುವ ‘ಕುಮ್ಕಿ ಜಾಗ’ವೂ ಇದೇ ಪದ, ಕೃಷಿಗೆ ನೆರವಾಗಲೆಂದು ಪಟ್ಟಾ ಭೂಮಿಯ ಪಕ್ಕದಲ್ಲಿ ಬಿಟ್ಟ ನೆಲ.

ಆನೆಕಾಲು ರೋಗ, ಆನೆನೆಗ್ಗಿಲು ಗಿಡ, ಆನೆಬಲ ಮುಂತಾದವನ್ನು ಕೊನೆಯ ಪುಟಕ್ಕೆ ಹಾಕಿದೆ. ಅಲ್ಲಿ ಆನೆ ಬರೀ ಹೋಲಿಕೆಗೆ.

ಎಲ್ಲಕ್ಕಿಂತ ಉದ್ದದ ಟಿಪ್ಪಣಿ ಬರೆದದ್ದು ‘ಖೆಡ್ಡಾ’ಕ್ಕೆ. ‘ಖೆಡ್ಡಾಕ್ಕೆ ಬೀಳಿಸು’ ಎಂಬ ಮಾತು ಕೇಳಿ ಹಲವರು ಅದನ್ನು ಗುಂಡಿ ಎಂದೇ ತಿಳಿದಿದ್ದಾರೆ. ಗುಂಡಿ ತೋಡಿ ಹಿಡಿಯುವ ವಿಧಾನ ಬೇರೆ. ಖೆಡ್ಡಾ ಎಂದರೆ ಹಿಂಡನ್ನು ಸುತ್ತುವರಿದು, ಸದ್ದು ಮಾಡಿ ಅಟ್ಟಿಕೊಂಡು ಬಂದು ಗಟ್ಟಿ ಬೇಲಿಯ ಆವರಣದೊಳಗೆ ಸೇರಿಸುವುದು. ಹಿಂದಿಯಲ್ಲಿ ಅಟ್ಟುವುದಕ್ಕೆ ‘ಖೇದನಾ’ ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಇದನ್ನು 1870ರ ದಶಕದಲ್ಲಿ ನಡೆಸಿ ತೋರಿಸಿದವರು ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್‌ಸನ್. ಕಾಕನಕೋಟೆ ಕಾಡಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಹಾಗಾಗಿ ಆ ಪದದ ಮುಂದೆ ಎರಡು ಗುರುತು ಹಾಕಿದ್ದೇನೆ: ಕಾಡಿನಲ್ಲಿ ನಿಂತುಹೋದದ್ದು, ಮಾತಿನಲ್ಲಿ ಚಾಲ್ತಿಯಲ್ಲಿರುವುದು.