ಸುಣ್ಣದೊಳಗಿನ ಬಿಸಿ ಎಲ್ಲಿತ್ತು?

ಸವಣೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಬಹಿರುಷ್ಣಕ ಕ್ರಿಯೆ, ಅಂದರೆ ಬಿಸಿ ಹೊರಬಿಡುವ ಕ್ರಿಯೆ, ತೋರಿಸಬೇಕೆಂದು ಮೊದಲ ವರ್ಷ ಹೊರಟಾಗ ಥರ್ಮಾಮೀಟರು 28ರಿಂದ 30 ಡಿಗ್ರಿಗೆ ಏರಿ ನಿಂತೇಬಿಟ್ಟಿತು. ಅಂಗಡಿಯಿಂದ ತಂದ ಚೀಲದಲ್ಲಿ ಹರಳಿಗಿಂತ ಪುಡಿಯೇ ಹೆಚ್ಚಿತ್ತು. ಮಳೆಗಾಲದ ಗಾಳಿಯ ತೇವ ಕುಡಿದು ಸುಣ್ಣ ಚೀಲದಲ್ಲೇ ಅರಳಿ ಮುಗಿದಿತ್ತು.

ಮರುವರ್ಷ ದಾರಿ ತೋರಿಸಿದವನು ಎಲೆತೋಟದ ಮನೆಯ ಹುಡುಗ. “ಸರ್, ಮೈಲುತುತ್ತಕ್ಕ ಕೂಡಸಾಕ ಅಂತ ನಮ್ಮಪ್ಪ ಹೊಸಾ ಸುಣ್ಣದ ಹರಳು ತಂದಾನ್ರೀ, ತರಲೇನ್ರೀ?” ಎಂದ. ವೀಳ್ಯದೆಲೆ ಬಳ್ಳಿಯ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ರೈತರು ಸುಣ್ಣ ಸತ್ತಿದೆಯೋ ಇಲ್ಲವೋ ಎಂದು ನೋಡಿಯೇ ಕೊಳ್ಳುತ್ತಾರೆ. ಹರಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಂತು.

ಇಟ್ಟಿಗೆಯ ಮೇಲೆ ಸ್ಟೀಲ್ ಬೋಗುಣಿ ಇಟ್ಟು 50 ಗ್ರಾಂ ಹರಳು ಹಾಕಿದೆ. ಮಕ್ಕಳನ್ನು ಎರಡು ಮಾರು ದೂರ ನಿಲ್ಲಿಸಿ, ನಾನು ಕನ್ನಡಕ ಹಾಕಿಕೊಂಡೆ. ಸುಣ್ಣ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. 60 ಮಿಲಿ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಸುಂಯ್ ಎಂದಿತು, ಹರಳು ಬಿರಿಯಿತು, ಹಬೆ ಎದ್ದಿತು, ಕಲ್ಲಿನಂತಿದ್ದದ್ದು ಉಬ್ಬಿ ಹಿಟ್ಟಾಯಿತು. ಥರ್ಮಾಮೀಟರು 95 ದಾಟಿತು.

ಹಿಂದಿನ ಸಾಲಿನ ಹುಡುಗಿ ಕೇಳಿದಳು: “ಸರ್, ಹರಳೂ ತಣ್ಣಗಿತ್ತು, ನೀರೂ ತಣ್ಣಗಿತ್ತು. ಇಷ್ಟ್ ಬಿಸಿ ಎಲ್ಲಿತ್ತ್ರೀ?”

“ಕ್ರಿಯೆಯಿಂದ ಬಂತು” ಎಂದುಬಿಡಬಹುದಿತ್ತು, ಆದರೆ ಅದು ಉತ್ತರವಲ್ಲ. ಮರುದಿನ ಹಲಗೆಯ ಮೇಲೆ ಲೆಕ್ಕ ಬರೆದೆ. 100 ಗ್ರಾಂ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಹಾಗೆ ಒಡೆಯಲು ಕಲ್ಲು ಸುಮಾರು 178 ಕಿಲೋಜೌಲ್ ಉಷ್ಣ ಹೀರುತ್ತದೆ. ಇದು ಅಂತರುಷ್ಣಕ, ನಾವ್ಯಾರೂ ಕಣ್ಣಾರೆ ನೋಡದ ಭಾಗ. ಆ 56 ಗ್ರಾಂ ಸುಣ್ಣ ನೀರಿನೊಂದಿಗೆ ಸೇರಿದಾಗ ಸುಮಾರು 65 ಕಿಲೋಜೌಲ್ ಬಿಟ್ಟುಕೊಡುತ್ತದೆ, ಹೆಚ್ಚುಕಡಿಮೆ ಒಂದು ಲೋಟ ನೀರು ಕುದಿಸುವಷ್ಟು. ಅಂದರೆ ಬೋಗುಣಿಯಲ್ಲಿ ಕಂಡದ್ದು ಭಟ್ಟಿಯಲ್ಲಿ ಮಾಡಿದ ಸಾಲದ ಮೊದಲ ಕಂತು.

“ಉಳಿದ 113?” ಎಂದರು ಮಕ್ಕಳು. ಅದು ಗೋಡೆಯ ಮೇಲಿದೆ ಎಂದೆ. ದೀಪಾವಳಿಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ವಾಪಸು ಪಡೆದು ಮತ್ತೆ ಸುಣ್ಣದ ಕಲ್ಲಾಗುತ್ತದೆ; ಆಗ ಎರಡನೆಯ ಕಂತು ತೀರುತ್ತದೆ. ಯಾವ ದಾರಿಯಲ್ಲಿ ಹೋದರೂ ಉಷ್ಣದ ಒಟ್ಟು ಮೊತ್ತ ಬದಲಾಗದು ಎಂದು ರಸಾಯನವಿಜ್ಞಾನಿ ಹೆಸ್ 1840ರಲ್ಲಿ ಹೇಳಿದ್ದು ಇದನ್ನೇ. ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ನಿಯಮ ನನಗೂ ಆ ದಿನವೇ ತಿಳಿದದ್ದು.

ತಂಪಾಗುವ ಕ್ರಿಯೆಗೆ ಅಡುಗೆ ಸೋಡಾ ಮತ್ತು ನಿಂಬೆಹುಳಿ ಸಾಕು, ನೀರು ಹಾಕಿ ಕಲಕಿದರೆ ನೊರೆ ಬರುತ್ತಲೇ ಲೋಟ ತಣ್ಣಗಾಗುತ್ತದೆ. ಯೂರಿಯಾ ಇನ್ನೂ ಚೆನ್ನಾಗಿ ತಂಪು ತೋರಿಸುತ್ತದೆ, 100 ಮಿಲಿ ನೀರಿಗೆ 30 ಗ್ರಾಂ ಹಾಕಿದಾಗ ನಮ್ಮಲ್ಲಿ 27ರಿಂದ 15ಕ್ಕೆ ಇಳಿಯಿತು. ಆದರೆ ಅದು ಬರೀ ಕರಗುವಿಕೆ, ಹೊಸ ವಸ್ತು ಹುಟ್ಟುವುದಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

ದೀಪಾವಳಿ ರಜೆ ಮುಗಿಸಿ ಬಂದ ಅದೇ ಹುಡುಗಿ, “ಸುಣ್ಣ ಹಚ್ಚಿದ ಗ್ವಾಡಿ ಮುಟ್ಟಿ ನೋಡಿದ್ನಿರೀ, ತಣ್ಣಗs ಇತ್ತು” ಎಂದಳು. ಹಸಿ ಗೋಡೆಯ ನೀರು ಆವಿಯಾಗುತ್ತ ಗಂಟೆಗಳಲ್ಲಿ ಉಷ್ಣ ಒಯ್ಯುತ್ತದೆ, ಸುಣ್ಣ ಕಲ್ಲಾಗುವುದು ವಾರ, ತಿಂಗಳುಗಳ ಕೆಲಸ, ಅದರ ಬಿಸಿ ಕೈಗೆ ಸಿಗುವಷ್ಟು ಒಮ್ಮೆಗೇ ಬರುವುದಿಲ್ಲ ಎಂದೆ. ಅವಳು ಅದನ್ನು ನೋಟುಪುಸ್ತಕದಲ್ಲಿ 113ರ ಪಕ್ಕಕ್ಕೆ ಬರೆದುಕೊಂಡಳು.